ಸಾಫ್ ಮಾಡೀನ್ರಿ ಅಕ್ಕಾ

ಚನಮಲ್ಲಪ್ಪ ಕಾಕಾ,
ಮೊದಲ ಸಣ್ಣ ಪ್ರಶ್ನಿ.
ನೀವು ಕೊಟ್ಟ ಐವತ್ತರ ಲೆನ್ಸಿನೊಳಗ ಬೂಷ್ಟು ಹತ್ಯದ,
ಬೆಳಕಿಗಿ ಹಿಡದರ ಒಂದ ಮೂಲ್ಯಾಗ
ಜೇಡನ ಬಲಿ ಕಂಡಂಗ ಕಾಣಸ್ತದ.
ಬಿಚ್ಚಸಲೋ ಬ್ಯಾಡೋ?
ಸಾತ್ ರಸ್ತಾದ ಗಡಿಯಾರ ರಿಪೇರಿಯಂವ
“ನೂರೈವತ್ತು ಕೊಡ್ರಿ, ಬಿಚ್ಚತೀನಿ” ಅಂದ.
ಹೊಳ್ಳಿ ಜೋಡಸ್ತೀನಿ ಅಂತ
ಅನ್ನಲಿಲ್ಲ.

ಆಮ್ಯಾಲ ಈ ಕಾರಖಾನಿ ವಿಷಯ.
ಸೋಲಾಪುರದ ಪೂರ್ವಭಾಗ ನಿಮಗ ಗೊತ್ತದ,
ಎರಡು ಮಗ್ಗದ ನಡುವ ಒಂದ ಮೊಳ ಜಾಗಾ.
ಐವತ್ತು ಹಾಕಿದರ ಹಿಂದ ಸರೀಬೇಕು,
ಹಿಂದ ಪಟ್ಟಾ ಓಡ್ತಿರ್ತದ.
ಇಪ್ಪತ್ತೆಂಟು ಹಾಕಿದರ ಅಂಬಾದಾಸ ಮಾಮಾನ ಮೂಗು
ಅವನಕಿಂತ ಮೊದಲ ಫೋಟೊದಾಗ ಬಂದು ನಿಂದರ್ತದ.
ಮದಿವಿ ಮನ್ಯಾಗ ನೀವು ಕುರ್ಚಿ ಏರತಿದ್ರಿ.
ಇಲ್ಲಿ ಇರೂದು ಒಂದ ಸ್ಟೂಲು,
ಅದರ ಮ್ಯಾಲ ಕಂಡಕಿ ಡಬ್ಬಿ ಕುಂತದ.

ಒಮ್ಮಿ ಫ್ಲ್ಯಾಶ್ ಹೊಡದು
ಲಾಳಿ ಗಾಳ್ಯಾಗ ನಿಂದ್ರಸಿದೆ.
ಪ್ರಿಂಟು ನೋಡಿ ಮಾಮಾ ಕೇಳಿದ:
“ಆಗ ಕರಂಟ್ ಹೋಗಿತ್ತೇನು?”
ಅವತ್ತಿನಿಂದ ಮೂವತ್ತರ ಶಟರು, ಉಸರು ಬಿಗಿ ಹಿಡದು.
ಲಾಳಿ ಒಂದು ಬಿಳೀ ಗೀಟು ಆಗಿ ಬಿತ್ತು.
“ಹಾಂ,” ಅಂದ, “ಈಗ ನಡದದ.”
ಮಾಮಾ ಮನ್ಯಾಗ ತೆಲುಗು, ಸೇಠಗ ಮರಾಠಿ, ನನ್ನ ಜೋಡಿ ಕನ್ನಡ.
ಮಗ್ಗ ಸುರು ಆತಂದರ
ಮೂರಕ್ಕೂ ಕೈಸನ್ನಿ.

ನಿಮ್ಮ ಫ್ರಿಜ್ಜಿನ ರೋಲಿಗಿ ತಾರೀಖು ಮುಗದು ಹನ್ನೊಂದು ವರ್ಷ.
ಒಂದ ಸ್ಟಾಪ್ ಹೆಚ್ಚ ಕೊಟ್ಟೀನಿ. ಎರಡು ಕೊಡಬೇಕಿತ್ತೇನು?

ಈಗ ನಿಜವಾದ್ದು ಹೇಳ್ತೀನಿ.
ಸ್ಕ್ಯಾನಿಂಗಿಗಿ ಇರ್ಫಾನಗ ಕೊಟ್ಟಿದ್ದೆ.
ನಾಕು ಸಾವಿರ ಡಿಪಿಐ. ಪೆನ್ ಡ್ರೈವ್ ಕೈಯಾಗಿಟ್ಟು,
“ಭಾಳ ಧೂಳಿತ್ತು, ಎಲ್ಲಾ ಸಾಫ್ ಮಾಡೀನ್ರಿ ಅಕ್ಕಾ,
ಅದರ ರೊಕ್ಕ ಬ್ಯಾಡ.”
ಮನಿಗಿ ಬಂದು ತಗದು ನೋಡಿದರ
ಕಾರಖಾನಿ ಮದಿವಿ ಹಾಲ್ ಆಗ್ಯದ.
ಗವಾಕ್ಷಿಯಿಂದ ಇಳದ ಬಿಸಲಕೋಲಿನಾಗ
ಏನೂ ಹಾರವಲ್ದು.
ಮಾಮಾನ ಹುಬ್ಬಿನ ಮ್ಯಾಲಿನ ಅರಳಿ ಇಲ್ಲ,
ಕಿವಿ ಸಂದ್ಯಾಗಿನದೂ ಇಲ್ಲ.
ಹತ್ತು ವರ್ಷ ಸಣ್ಣಾಗ್ಯಾನ.

ಎರಡು ರಾತ್ರಿ ಕುಂತು
ಒಂದೊಂದ ಚುಕ್ಕಿ ಒರಸ್ಯಾನ ಹುಡುಗ.
ಹ್ಯಾಂಗ ಬೈಯಲಿ?
ಫಿಲ್ಮಿನ ಮ್ಯಾಲ ಕುಂತ ಧೂಳೂ
ಗಾಳ್ಯಾಗ ತೇಲತಿದ್ದ ಅರಳೀನೂ
ಪ್ರಿಂಟಿನಾಗ ಎರಡೂ ಬಿಳೀನ.
ನೆಗೆಟಿವ್ ಟ್ಯೂಬಲೈಟಿಗಿ ಹಿಡದು ಭೂತಗನ್ನಡಿ ಹಚ್ಚಿದೆ:
ಎಲ್ಲಾ ಕರೀ ಚುಕ್ಕಿ.
ಊದಿದೆ.
ಮೂರೋ ನಾಕೋ ಹಾರಿದವು.
ಉಳದವು ಒಳಗ ಇದ್ದವು.

ಇನ್ನೊಂದು, ಇದು ಪ್ರಶ್ನಿ ಹೌದೋ ಅಲ್ಲೋ ಗೊತ್ತಿಲ್ಲ.
ಸಿವಿಲ್ ದವಾಖಾನಿಯ ಖಾಕಿ ಲಕೋಟಿ ತಂದಿದ್ದ ಮಾಮಾ.
“ನೀ ಫಿಲ್ಮ್ ಓದಾಕಿ, ನೋಡಿ ಹೇಳು.
ಡಾಕ್ಟರು ಏನೋ ಅಂದ, ತಿಳೀಲಿಲ್ಲ.”
ಎಕ್ಸರೇ ಬೆಳಕಿಗಿ ಹಿಡದೆ. ಪಕ್ಕೆಲಬಿನ ಸಂದ್ಯಾಗ
ಮಸುಕು ಮಸುಕು ಬಿಳುಪು.
ರೂಢಿ ನೋಡ್ರಿ,
ಊದೇ ಬಿಟ್ಟೆ.
ಮಾಮಾ ನಕ್ಕ. ನಗತಾ ನಗತಾ ಕೆಮ್ಮಿದ.

ಎರಡೂ ಪ್ರಿಂಟು ಅವನ ಮುಂದ ಇಟ್ಟೆ,
ಅರಳಿ ಇದ್ದದ್ದು, ಇರ್ಫಾನ ಒರಸಿದ್ದು.
ತಡಾ ಮಾಡಲಿಲ್ಲ, ಸಾಫ್ ಇದ್ದದ್ದು ಎತ್ತಿಕೊಂಡ.
“ಇದು ಛಲೋ ಅದ. ಮಗಳ ಮನ್ಯಾಗ ಹಚ್ಚತಾರ.”
ಇನ್ನೊಂದು ನನ್ನ ಕಡೆ ಸರಿಸಿದ:
“ಇದು ನಿನಗಿರಲಿ. ನಿನ್ನ ಕೆಲಸಕ್ಕ ಬೇಕಲ್ಲ.”

ನನ್ನ ಕೆಲಸ ಯಾವುದು, ಕಾಕಾ?
ಮದಿವಿ ಹೆಣ್ಣಿನ ಗಲ್ಲದ ಕಲಿ
ಪೆನ್ಸಿಲಿನಾಗ ತಿದ್ದೀರಿ ನೀವು, ಒಂದು ಆಯುಷ್ಯ.
ಯಾರೂ ಬೈಲಿಲ್ಲ, ಆರತಿ ಮಾಡಿದರು.

ಪೇಪರು ಒಂಬತ್ತು ಹಾಳಿ ಉಳದಾವ.
ಎರಡನೇ ನಂಬರಿನಾಗ ಅರಳಿ ಕರಗತದ,
ನಾಲ್ಕನೇದರಾಗ ಹಿಮ ಬಿದ್ದಂಗ ಆಗತದ,
ಸೋಲಾಪುರದಾಗ ಹಿಮ!
ಮೂರನೇದು ನನ್ನ ಹತ್ತರ ಇಲ್ಲ. ನಿಮ್ಮಲ್ಲಿ ಅದೇನು?

ಶನಿವಾರ ಮೈಂದರ್ಗಿ ಬಸ್ಸಿಗಿ ಬರ್ತೀನಿ.
ಲೆನ್ಸು ಬಿಚ್ಚಸಿಲ್ಲ.