ಹುಲ್ಲು: ಕಡಿಮೆ

ಹೊರಗೆ ಮೈನಸ್ ಮೂವತ್ತೊಂದು.
ಕಲ್ಲಿದ್ದಲ ಹೊಗೆ ಇಳಿದು
ಉಲಾನ್‌ಬಾತರಿನ ಬೀದಿಗೆ ಮೂರನೇ ಕಂಬದಾಚೆ
ಏನನ್ನೂ ಬಿಡಿಸುವ ತ್ರಾಣವಿಲ್ಲ.
ದೂರದ ನೋಟ: ಕನಿಷ್ಠ,
ಎಂದು ನಗುತ್ತಾಳೆ ತುಂಗಲಗ್,
ಬೂಟಿನ ಹಿಮ ಒದರಿ
ಏಳನೇ ಯಂತ್ರದ ಮುಂದೆ ಕೂರುತ್ತಾ.

ನೆಲಮಾಳಿಗೆಯ ಈ ಆಟದಂಗಡಿಗೆ
ರಾತ್ರಿಯ ಕಾವಲು ನಾನು.
ಹನ್ನೆರಡು ಯಂತ್ರ, ಹಳೆಯ ಕಾರ್ಡು,
ಬಿಸಿಯೇರಿದರೆ ಏದುಸಿರು.
ಕಿಟಕಿ ಒಂದು ಗೇಣು ತೆರೆದರೆ
ಎಂಟು ಫ್ರೇಮು ಹೆಚ್ಚು, ಜೊತೆಗೊಂದು ಕೆಮ್ಮು.
ಮುಚ್ಚಿದರೆ ಎದೆ ಹಗುರ, ಆಟ ಭಾರ.
ಇಲ್ಲಿ ಯಾವುದೂ ಪುಕ್ಕಟೆಯಲ್ಲ,
ಉಪ್ಪು ಚಹಾ ಒಂದನ್ನು ಬಿಟ್ಟು.

ಶನಿವಾರ ಅವಳಿಗೆ ಪಂದ್ಯ.
ಒಂದೊಂದೇ ಆರಿಸಿದಳು.
ನೆರಳು ಹೋಯಿತು; ಮರಗಳೆಲ್ಲ
ನೆಲಕ್ಕೆ ಅಂಟದೆ ತೇಲಿದವು.
ಹೊಳೆಯೊಳಗಿಂದ ಆಕಾಶ ಕಿತ್ತಳು.
ಗೋಡೆಗಳ ಗಾರೆ ಕರಗಿ
ನಾದಿದ ಹಿಟ್ಟಿನ ಹಾಗೆ ನುಣ್ಣಗಾದವು.
ಕೊನೆಗೆ ಹುಲ್ಲು.
ಒಂದೇ ಕ್ಲಿಕ್ಕು, ಬಯಲು ಬೋಳು,
ಅಡಗಿ ಕೂತವರೆಲ್ಲ ಬೆತ್ತಲೆ.
ಮೂಲೆಯ ಹಸಿರು ಅಂಕಿ ಏರಿತು:
ತೊಂಬತ್ತು, ನೂರಹತ್ತು, ನೂರನಲವತ್ತನಾಲ್ಕು.
ಬೆರಳು ನೆನೆದದ್ದು
ಇನ್ನೂ ಬೆರಳಲ್ಲಿರುವಾಗಲೇ ಪರದೆಯ ಮೇಲೆ.

ಹತ್ತೂವರೆಗೆ ಬಂದ ಚುಲೂನ್,
ಅವಳ ದೊಡ್ಡಮ್ಮನ ಮಗ, ದುಂದ್‌ಗೋವಿಯಿಂದ.
ಹೆಗಲ ಮೇಲೆ ಚಳಿಗಾಲದ ಪಾಲಿನ ಅರ್ಧ ಕುರಿ,
ಹೆಪ್ಪುಗಟ್ಟಿ ಹಲಗೆ.
ಬಾಗಿಲ ಬಳಿ ಅದನ್ನು ಒರಗಿಸಿ
ಬಹಳ ಹೊತ್ತು ನೋಡಿದ.

ಹುಲ್ಲೆಲ್ಲಿ?
ತೆಗೆದೆ.
ಅಷ್ಟೂ?
ಅಷ್ಟೂ. ವೇಗಕ್ಕೆ.

ಬೈಯುತ್ತಾನೆ ಅಂದುಕೊಂಡೆ.
ಅವನ ಸೀಮೆಯಲ್ಲಿ ಹುಲ್ಲಿನ ಮಾತು ಹಗುರವಲ್ಲ.
ಅವನೋ ತಲೆಯಾಡಿಸಿದ, ಕಸುಬು ಬಲ್ಲವನ ಹಾಗೆ:
ಓಟಕ್ಕೆ ಮುಂಚೆ ನಾವೂ ಕುದುರೆ ಕಟ್ಟಿಹಾಕಿ
ಮೇವು ಇಳಿಸ್ತೀವಿ, ಬೆವರು ಹರಿಸ್ತೀವಿ.
ಹೊಟ್ಟೆ ಒಳಗೆ ಹೋಗಬೇಕು,
ಕಣ್ಣು ಒಳಗೆ ಹೋಗಬಾರದು.
ಅದು ಗೊತ್ತಾಗೋದು ಅಂಗೈಗೆ. ಅಂಕಿಗಲ್ಲ.

ಅಭ್ಯಾಸ ಮುಗಿದ ಮೇಲೆ,
ಒಂದ್ಸಲ ಎಲ್ಲಾ ಹಾಕು ನೋಡೋಣ, ಅಂದ.
ಹಾಕಿದಳು. ಎಲ್ಲವೂ ಗರಿಷ್ಠ.
ಬಂತು ಹುಲ್ಲು,
ಎಸಳೆಸಳ ತುದಿಗೆ ಬೆಳಕು ಹೊತ್ತು.
ಹೊಳೆಗೆ ಅದರ ಮೋಡ ವಾಪಸು.
ಒಂದು ಬಂಡೆಯ ಬಿರುಕಲ್ಲಿ ಪಾಚಿ:
ಯಾರು ಕೂತು ಬರೆದರೋ ಅದನ್ನು,
ಗುಂಡು ಹಾರುವ ಬಯಲಲ್ಲಿ
ಯಾರು ನಿಂತು ನೋಡಲೆಂದು.
ಅಂಕಿ ಹತ್ತೊಂಬತ್ತಕ್ಕೆ ಬಿತ್ತು.
ಫ್ಯಾನು ಊಳಿಟ್ಟಿತು.
ಕುದುರೆ ಕಾಲೆತ್ತಿ
ಊರುವುದನ್ನು ಮರೆತು
ಆಮೇಲೆ ಊರಿತು.
ಚೆಂದ, ಅಂದ ಚುಲೂನ್,
ಆದರೆ ಗಾಳಿ ಕುಂಟುತ್ತಿದೆ.

ಶುರುವಾಯಿತು ಚೌಕಾಸಿ,
ಬೆರಳು ಮಡಚಿ ಮಡಚಿ.
ಮೋಡ ಬಿಟ್ಟುಕೊಟ್ಟ ಥಟ್ಟನೆ.
ಪಾಚಿಯನ್ನು, ಒಲ್ಲದ ಮನಸ್ಸಿನಿಂದ.
ನೆರಳಿರಲಿ, ನವಿರು ಬೇಡ,
ಹೊತ್ತೆಷ್ಟಾಯಿತೆಂದು ತಿಳಿದರೆ ಸಾಕು.
ದೂರದ ಬೆಟ್ಟ ಮಸುಕಾಗಲಿ,
ಬೆಟ್ಟ ಇರುವುದೇ ಹಾಗಲ್ಲವೇ.
ಹುಲ್ಲು? ಮಧ್ಯಮ.
ಇಲ್ಲ, ಇನ್ನೊಂದು ಗೆರೆ ಮೇಲೆ.
ಐವತ್ತೆರಡು.
ನಾನೆದ್ದು ಕಿಟಕಿಯನ್ನು ಗೇಣು ತೆರೆದೆ.
ಅರವತ್ತು.
ಮೂವರೂ ಕೆಮ್ಮಿದೆವು.

ಮೌಸನ್ನು ಲಗಾಮಿನಂತೆ ಸಡಿಲ ಹಿಡಿದು
ಅರ್ಧ ಗಂಟೆ ಸುಮ್ಮನೆ ಸವಾರಿ ಮಾಡಿದ,
ಯಾರನ್ನೂ ಕೊಲ್ಲದೆ.
ಎರಡು ಸಲ ಸತ್ತ, ಬೇಸರಿಸಲಿಲ್ಲ.
ಗೊರಸಿನಡಿ ಹುಲ್ಲು ಬಾಗಿ
ಏಳುವುದನ್ನೇ ತಿರುಗಿ ತಿರುಗಿ ನೋಡುತ್ತಿದ್ದ.
ಇಬ್ಬರಿಗೂ ದುಡ್ಡು ಅವಳೇ ಕೊಟ್ಟಳು.

ನಮ್ಮ ಯಂತ್ರಗಳಿಗೆ ಮಾಲೀಕ ನೆನಪು ಇಟ್ಟಿಲ್ಲ.
ಒಮ್ಮೆ ಆರಿದರೆ
ಯಾರ ಏರುಪೇರೂ ಉಳಿಯದು;
ನಾಳೆ ಬಂದವಳು ಮತ್ತೆ ಮೊದಲಿಂದ ಬೋಳಿಸಬೇಕು.
ಬೆಳಗಿನ ಆರಕ್ಕೆ
ಒಂದರಿಂದ ಗುಂಡಿ ಒತ್ತುತ್ತಾ ಬಂದೆ.
ಬಾಗಿಲ ಬಳಿ, ಕುರಿ ಒರಗಿದ್ದಲ್ಲಿ,
ಬೊಗಸೆಯಷ್ಟು ನೀರು.
ಅದನ್ನು ಒರೆಸಿದೆ.
ಏಳನೆಯದನ್ನು
ಕೊನೆಗೆ ಆರಿಸಿದೆ.