ನಂಬರ್ ನಾಲ್ಕು

ದೋಹಾದ ಸ್ಟುಡಿಯೋದಲ್ಲಿ ನನ್ನದು ಮುಖದ ಕೆಲಸ.
ಇಂಗ್ಲೆಂಡಿನಲ್ಲಿ ಕೆಲಸ ಹೋದ ಫುಟ್‌ಬಾಲ್ ಮ್ಯಾನೇಜರುಗಳು,
ಅಲ್ ಖೋರಿನ ಉಪ್ಪುನೀರಿಗೆ ರಾಜಹಂಸ ಇಳಿದ ಹಾಗೆ,
ಅಕ್ಟೋಬರಿನಿಂದ ಒಬ್ಬೊಬ್ಬರೇ ಬಂದು
ಈ ಕುರ್ಚಿಯಲ್ಲಿ ಕೂರುತ್ತಾರೆ.
ಲೈಟಿಗೆ ಹಣೆ ಹೊಳೆಯಬಾರದು. ಅಷ್ಟೇ.

ಈ ಸಲದವನು ಹಾಲ್ಡನ್ ಸಾಹೇಬ.
ಸಾಲಾಗಿ ಏಳು ಪಂದ್ಯ ಸೋತಿದ್ದನಂತೆ.
ಗುರುವಾರ ಅಧ್ಯಕ್ಷರು ಹೆಗಲು ತಟ್ಟಿ
‘ನಿನ್ನ ಮೇಲೆ ಪೂರ್ತಿ ಭರವಸೆ ಉಂಟು’ ಅಂದರು,
ಸೋಮವಾರ ಗೇಟಿನವನು ಕಾರು ಒಳಗೆ ಬಿಡಲಿಲ್ಲ.
ಹೇಳಿ ನಕ್ಕ. ನಾನೂ ನಕ್ಕೆ:
ಹಳೆಯ ಕಂಪನಿಯಲ್ಲಿ ನನಗೂ
ಇದೇ ಮಾತು, ಇದೇ ಗುರುವಾರ,
ಆಮೇಲೆ ಮಂಗಳೂರಿಗೆ ಒನ್‌ವೇ ಟಿಕೆಟು.
ಅಲಿಯಬ್ಬ ಅನ್ನಲು ನಾಲಿಗೆ ತಿರುಗದೆ
ನನ್ನನ್ನು ‘ಆಲ್ಬಿ’ ಅನ್ನುತ್ತಿದ್ದ.

ಕ್ಯಾಮರಾದ ಮುಂದೆ ಬೇರೆಯವರ ತಪ್ಪಿಗೆ
ಬಾಣ ಎಳೆದು ವೃತ್ತ ಬರೆಯುವಾಗ
ಎಂಥಾ ಜಾಣ!
ಫೋನು ಮಾತ್ರ ಯಾವಾಗಲೂ ತೊಡೆಯ ಮೇಲೆ,
ಮಲಗಿದ ಮಗುವಿನ ಹಾಗೆ.

ಫೆಬ್ರವರಿಯ ಒಂದು ರಾತ್ರಿ ಅದು ನಡುಗಿತು.
ಅರ್ಧ ಮುಖಕ್ಕಷ್ಟೇ ಪೌಡರ್ ಆಗಿತ್ತು.
ಕಾಲರಿಗೆ ಸಿಕ್ಕಿಸಿದ ಟಿಶ್ಯೂ ಕೂಡ ತೆಗೆಯದೆ
ಕಾರಿಡಾರಿನಲ್ಲಿ ಓಡಿದ, ಐವತ್ತೆಂಟರ ಆಸಾಮಿ,
ಕೊನೆಯ ಬೆಲ್ ಕೇಳಿದ ಶಾಲೆಯ ಹುಡುಗ.

ಮೊನ್ನೆ ಮೆಸ್ಸಿನ ಟಿವಿಯಲ್ಲಿ ಕಂಡ:
ಗೆರೆಯಂಚಿಗೆ ನಿಂತು, ಮಳೆಯಲ್ಲಿ, ಯಾರಿಗೋ ಬೈಯುತ್ತ.
ಹಣೆ ಹೊಸ ತಪಲೆಯಂತೆ ಹೊಳೆಯುತ್ತಿತ್ತು.
ಹೊಳೆಯಲಿ ಮಾರಾಯ.

ಅವನ ಬಣ್ಣದ ಡಬ್ಬಿ, ನಂಬರ್ ನಾಲ್ಕು,
ಎಸೆಯಲು ಹೋದವನು
ತಳ ತಿರುಗಿಸಿ ತಾರೀಕು ನೋಡಿದೆ.
ಬರುವ ನವೆಂಬರಿನವರೆಗೆ ತೊಂದರೆಯಿಲ್ಲ.
ಡ್ರಾಯರಿನಲ್ಲೇ ಇಟ್ಟೆ.