ಒಳಮಡಿಕಿ

ಜಳಕ ಮಾಡಿದರೂ ಈ ಗೆರಿ ಅಳಸಬ್ಯಾಡ್ರಿ ಅಂದ
ಮಷಿನ್ ಖೋಲಿಯ ಹುಡುಗ.
ನನಗ ಹೇಳ್ತಾನ!
ಮೂವತ್ತೆರಡು ವರ್ಷ ಆಳಂದ ನಾಕಾದಾಗ
ಅರಿಬಿ ಮ್ಯಾಲ ಚಾಕಿನ ಗೆರಿ ಎಳದಾಂವ ನಾ.
ಗೆರಿ ಬಿದ್ದಲ್ಲಿ ಏನು ಬರತದ, ಗೊತ್ತದ.
ಆದ್ರ ಇವನ ಗೆರಿ, ಕುತಗಿ ಎಡಕ್ಕ,
ಒಂದು ನೂಲು ಸೊಟ್ಟ.
ಹೇಳಬೇಕಂದ್ರ ಬಾಯಿ ತುಂಬ ಹುಣ್ಣು,
ಟಾಚಣಿ ಕಚ್ಚಿ ಹಿಡೀತಿದ್ದ ಬಾಯಿ.

ಕಲಬುರಗಿ ಬಿಸಲಾಗ ಹೊರಗ ಸಾಲು.
ಎಪ್ಪತ್ತೊಂದು, ಅಂತ ಕೂಗ್ತಾರ.
ಎದ್ದು ಹೋಗ್ತೀನಿ.
ಮಶಾಕ ಮಾಸ್ತರ ಅನ್ನವರಿಲ್ಲ ಇಲ್ಲಿ,
ನಾನೂ ತಿದ್ದಿಲ್ಲ.

ಅಳತಿ ಬುಕ್ಕಿನಾಗ ಎಲ್ಲರ ಪುಟ ಅವ:
ವಕೀಲರ ಹೊಟ್ಟಿ, ಮದುಮಗನ ಭುಜ,
ಸತ್ತವರವೂ ಅವ, ಹರದಿಲ್ಲ.
ನಂದೇ ಇರಲಿಲ್ಲ. ಈಗ ಬರದೀನಿ.
ಕಾಲರ್ ಹದಿನೈದೂವರಿ.
ಹದಿನೈದು.
ಹದಿನಾಲ್ಕೂ ಕಾಲು, ಇದು ಪೆನ್ಸಿಲಿನಾಗ.

ಹೊಸ ಅಂಗಿ ತರ್ತೀನಿ ಅಬ್ಬಾ, ಅಂದ್ಳು ನಸೀಮಾ.
ಬ್ಯಾಡಂತ ಕೈ ಮಾಡಿದೆ.
ನಿದ್ದಿ ಬರದ ರಾತ್ರಿ
ಹಳೇ ಅಂಗಿಯ ಹೊಲಿಗಿ ಬಿಚ್ಚಿ
ಎರಡೂ ಬಾಜೂ ಒಳಗ ಹಿಡದೆ.
ಹೆಚ್ಚಾದ ಅರಿಬಿ ಕತ್ತರಸಲಿಲ್ಲ.
ಕತ್ತರಸಬಾರದು ಅದನ್ನ.
ಗಿರಾಕಿ ನಾಳೆ ಮೈ ತುಂಬಿ ಬಂದ್ರ?

ಇವತ್ತು ಮಷಿನ್ ಮ್ಯಾಲ ಮಲಗುವಾಗ ಕಂಡೆ,
ಹುಡುಗನ ಪ್ಯಾಂಟಿನ ಬಲಗಾಲು
ಅರ್ಧ ಇಂಚು ಉದ್ದ,
ಹಿಮ್ಮಡಿಗೆ ತಿಕ್ಕಿ ಎಳಿ ಬಿಟ್ಟದ.
ಬೆರಳು ತೋರಿಸಿದೆ.
ಅಲುಗಬ್ಯಾಡ್ರಿ, ಅಂದ.
ಅಲುಗಲಿಲ್ಲ.
ದೀಪ ಆರಿತು, ಬಾಗಲಾ ಹಾಕಿತು,
ಬೆರಳು ಮಾತ್ರ ಇಳಸಲಿಲ್ಲ.